ಚೌಡಿಗೆ ಒಡೆಯದ ಕಾಯಿ: ಹಿರಿಯರಿಂದ ಬಂದ ನಂಬಿಕೆ ಬಿಡಿಸಿಕೊಳ್ಳಲು ಯಾವ ದಾರಿ?

ನಮ್ಮ ಮನೆ ಶಿರಸಿಯಿಂದ ಸೋಂದಾ ಕಡೆ ಹೋಗುವಾಗ ಸ್ವಲ್ಪ ಒಳಗೆ ಸಿಗುತ್ತದೆ. ಅಡಿಕೆ ತೋಟದ ತಲೆಯಲ್ಲಿ, ಸೊಪ್ಪಿನ ಬೆಟ್ಟ ಶುರುವಾಗುವಲ್ಲಿ, ಒಂದು ಕಲ್ಲಿದೆ. ಅದು ಚೌಡಿ, ತೋಟ ಕಾಯುವ ದೇವತೆ. ಮಳೆಗಾಲಕ್ಕೆ ಮೊದಲು ಅವಳಿಗೊಂದು ಕಾಯಿ ಒಡೆಯಬೇಕು. ಅಪ್ಪಯ್ಯ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಒಂದು ವರ್ಷ ಕಾರವಾರದಿಂದ ಹೋಗಲು ರಜೆ ಸಿಗಲಿಲ್ಲ. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಎರಡನೇ ಸಲ ಔಷಧಿ ಹೊಡೆಸೋಣವೆಂದರೆ ಮಳೆ ಬಿಟ್ಟು ಹೊಳವಾಗಲೇ ಇಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ಜಗಲಿಯಲ್ಲಿ ಕೂತು ವಾಪಸ್ ಹೋಗುತ್ತಿದ್ದ. ಅಡಿಕೆಗೆ ಕೊಳೆರೋಗ ಬಂತು. ಮರದ ಬುಡದಲ್ಲೆಲ್ಲ ಎಳೆ ಅಡಿಕೆ, ಮೇಲೆ ಬಿಳಿ ಬೂಸಲು. ಆಯಿ ಬೈಯಲಿಲ್ಲ. ಫೋನಿನಲ್ಲಿ ‘ಚೌಡಿಗೆ ಕಾಯಿ ಒಡದ್ದಿಲ್ಲೆ ಅಲ್ದ ತಮಾ’ ಅಂದಳು, ಅಷ್ಟೇ.

ಕೊಳೆ ಯಾಕೆ ಬರುತ್ತದೆಂದು ನನಗೆ ಗೊತ್ತು. ಅದು ಶಿಲೀಂಧ್ರದಂಥ ಒಂದು ಜೀವಿ. ಮಳೆ ಹನಿ ಸಿಡಿದಂತೆ ಒಂದು ಅಡಿಕೆ ಗೊನೆಯಿಂದ ಇನ್ನೊಂದಕ್ಕೆ ಹರಡುತ್ತದೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಅದನ್ನು ತಡೆಯುತ್ತದೆ. ಪಕ್ಕದ ತೋಟದವರು ಚೌಡಿಗೆ ತಪ್ಪದೆ ಕಾಯಿ ಒಡೆದಿದ್ದರು, ಅವರಿಗೂ ಕೊಳೆ ಬಂದಿತ್ತು. ಇಷ್ಟೆಲ್ಲ ಗೊತ್ತಿದ್ದೂ ರಾತ್ರಿ ಮಲಗಿದರೆ ಹೊಟ್ಟೆಯಲ್ಲಿ ಏನೋ ಕಲ್ಲು ಇಟ್ಟ ಹಾಗೆ. ನಾನು ಮಾಡದ್ದರಿಂದಲೇ ಆಯ್ತು ಎಂಬ ಮಾತು ಒಳಗಿನಿಂದ ಏಳುತ್ತಿತ್ತು.

ಅಂದಿನಿಂದ ಕೆಲವು ವರ್ಷ ಒಂದೊಂದು ದಾರಿ ಹಿಡಿದು ನೋಡಿದೆ. ಎಲ್ಲವೂ ಅದ್ವೈತದ, ಅಂದರೆ ಜೀವ ಬ್ರಹ್ಮ ಎರಡಲ್ಲ ಅನ್ನುವ ಮತದ ಕಡೆಯವು, ಇಲ್ಲವೇ ಅದರ ನೆರೆಹೊರೆಯವು. ನಿಮ್ಮೊಳಗೂ ಇಂಥದ್ದೊಂದು ಕಲ್ಲು ಕೂತಿದ್ದರೆ ಯಾವ ದಾರಿ ನಿಮಗೆ ಒಗ್ಗಬಹುದು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ನಿಮ್ಮದು ಚೌಡಿ ಅಲ್ಲದೆ ಇರಬಹುದು. ಜಾತಕದ ಕುಜದೋಷ ಇರಬಹುದು, ಮುಟ್ಟು ಮೈಲಿಗೆ ಇರಬಹುದು, ‘ನಮ್ಮ ಮನೆತನದವರಿಗೆ ದುಡ್ಡು ನಿಲ್ಲುವುದಿಲ್ಲ’ ಎಂಬ ಮಾತಿರಬಹುದು.

ಮೊದಲು ಒಂದು ಮಾತು: ಬಿಡಬೇಕಾದದ್ದು ಯಾವುದು?

ಆಚರಣೆ ಬೇರೆ, ನಂಬಿಕೆ ಬೇರೆ. ಇದನ್ನು ಬಿಡಿಸಿ ನೋಡದೆ ಶುರುಮಾಡಿದರೆ ಮನೆಯಲ್ಲಿ ಜಗಳ ಮಾತ್ರ ಉಳಿಯುತ್ತದೆ. ನಾನು ಮೊದಲು ಮಾಡಿದ್ದು ಅದನ್ನೇ. ಮರುವರ್ಷ ಬೇಕೆಂದೇ ಹೋಗಲಿಲ್ಲ. ಅದೇನು ಧೈರ್ಯ ಅಲ್ಲ, ಚೌಡಿಯ ಮೇಲೆ ಸಿಟ್ಟು. ನಂಬದವನಿಗೆ ಕಲ್ಲಿನ ಮೇಲೆ ಯಾಕೆ ಸಿಟ್ಟು ಬರಬೇಕು, ಅಲ್ವಾ?

ಶಿರಸಿಯ ಮಾರಿಕಾಂಬೆಯನ್ನೇ ನೋಡಿ. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದರು. ಆ ಕಾಲದಲ್ಲೇ ಅಲ್ಲಿ ಪ್ರಾಣಿಬಲಿ ನಿಂತಿತು. ಜಾತ್ರೆ ನಿಲ್ಲಲಿಲ್ಲ. ಎರಡು ವರ್ಷಕ್ಕೊಮ್ಮೆ ಈಗಲೂ ಊರಿಗೆ ಊರೇ ಸೇರುತ್ತದೆ. ರಕ್ತ ಕೊಡದಿದ್ದರೆ ತಾಯಿ ಮುನಿಯುತ್ತಾಳೆ ಎಂಬ ಹೆದರಿಕೆ ಹೋಯಿತು, ತಾಯಿಯ ಮೇಲಿನ ಪ್ರೀತಿ ಉಳಿಯಿತು. ನಾನು ಬಿಡಿಸಿಕೊಳ್ಳಬೇಕಾದದ್ದೂ ಹೆದರಿಕೆಯನ್ನು, ಕಾಯಿಯನ್ನಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಶಾಸ್ತ್ರದ ದಾರಿ

ಸೋಂದಾದಲ್ಲಿ ಒಂದು ವಿಶೇಷ ಇದೆ. ಒಂದೇ ಊರಿನ ಸುತ್ತ ಅದ್ವೈತದ ಸ್ವರ್ಣವಲ್ಲೀ ಮಠ, ದ್ವೈತದ ವಾದಿರಾಜ ಮಠ, ಜೈನ ಮಠ ಮೂರೂ ಇವೆ. ಜೀವ ಎಂದರೇನು, ದೇವರು ಇದ್ದಾನೋ ಇಲ್ಲವೋ, ಎಲ್ಲದಕ್ಕೂ ಮೂರು ಕಡೆ ಮೂರು ಉತ್ತರ. ಸಣ್ಣವನಿದ್ದಾಗ ಮೂರೂ ಕಡೆ ಹೋಗಿದ್ದೇನೆ. ನಮ್ಮದೇ ಸರಿ ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಯಾಕೆ ಸರಿ ಎಂದು ಯಾರಾದರೂ ಕೇಳಿದ್ದರೆ ಹೇಳಲು ಏನೂ ಇರಲಿಲ್ಲ.

ಇದು ತುಂಬ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಹವ್ಯಕರ ಮನೆಯಲ್ಲಿ ಹುಟ್ಟಿದ ನನ್ನಂಥವನಿಗೆ ಅದ್ವೈತವೇ ಒಂದು ಪಿತ್ರಾರ್ಜಿತ ನಂಬಿಕೆ. ‘ಎಲ್ಲ ಬ್ರಹ್ಮವೇ’ ಎಂಬುದು ಉಪನಯನದ ಜೊತೆಗೇ ಬಂದ ಮಾತು. ತೋಟ ಹಂಚಿಕೆಯಾದ ಹಾಗೆ ಅದೂ ಪಾಲಿಗೆ ಬಂದಿತ್ತು. ಹಾಗಾಗಿ ಯಾವ ದಾರಿಯನ್ನು ತೂಗುವಾಗಲೂ ನಾನು ಮೊದಲು ಕೇಳುವುದು ಇದನ್ನೇ: ಈ ದಾರಿ ಕೊನೆಗೆ ತನ್ನನ್ನೂ ಬಿಡು ಅನ್ನುತ್ತದೆಯೋ, ಇಲ್ಲ ಹಳೆಯದನ್ನು ತೆಗೆದು ಆ ಜಾಗದಲ್ಲಿ ತಾನು ಕೂರುತ್ತದೆಯೋ?

ಶಾಸ್ತ್ರದ ದಾರಿ ಇದರಲ್ಲಿ ಪಾಸಾಗುತ್ತದೆ, ಸರಿಯಾಗಿ ಹೇಳಿಕೊಡುವವರು ಸಿಕ್ಕರೆ. ಶಂಕರರ ಪರಂಪರೆಯಲ್ಲಿ ಅಧ್ಯಾರೋಪ-ಅಪವಾದ ಎಂಬ ಕ್ರಮ ಇದೆ. ಕಲಿಯುವವನಿಗೆ ತಿಳಿಯಲೆಂದು ಮೊದಲು ಒಂದನ್ನು ಇಟ್ಟುಕೊಂಡು ಹೇಳುತ್ತಾರೆ, ಆಮೇಲೆ ಅದನ್ನೂ ತೆಗೆದುಬಿಡುತ್ತಾರೆ. ಇಡೀ ಉಪದೇಶ ಅಟ್ಟಣಿಗೆ ಇದ್ದ ಹಾಗೆ, ಮನೆ ಎದ್ದ ಮೇಲೆ ಬಿಚ್ಚಲೇಬೇಕು. ಇದನ್ನು ಕನ್ನಡದಲ್ಲಿ ಬಿಡಿಸಿ ಬರೆದವರು ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು. 1920ರಲ್ಲಿ ಅವರು ಶುರುಮಾಡಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಆಮೇಲೆ ಹೊಳೆನರಸೀಪುರಕ್ಕೆ ಬಂತು. ಶಂಕರ ಭಾಷ್ಯಗಳನ್ನು ಕನ್ನಡದಲ್ಲೇ ಓದಬೇಕು ಅನ್ನುವವರು ಅವರ ಅನುವಾದ ಹಿಡಿಯಬಹುದು.

ನನ್ನ ಚೌಡಿಯನ್ನು ಈ ದಾರಿಯಲ್ಲಿ ಇಟ್ಟು ನೋಡಿದೆ. ಹೆದರಿಕೆ ಕಾಣಿಸುತ್ತದೆ, ಅಂದರೆ ಅದು ನೋಡಲ್ಪಡುವ ವಸ್ತು. ನೋಡುವವನು ಅದಲ್ಲ. ನಿದ್ದೆ ಬಂದಾಗ ಚೌಡಿಯೂ ಇಲ್ಲ, ತಪ್ಪೂ ಇಲ್ಲ, ಆದರೂ ನಾನು ಇಲ್ಲವಾಗಲಿಲ್ಲ. ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಹೀಗೆ ಇಟ್ಟು ನೋಡುವ ಕ್ರಮ ಮಾಂಡೂಕ್ಯದ್ದು. ಹನ್ನೆರಡೇ ಮಂತ್ರದ ಉಪನಿಷತ್ತು ಅದು. ತಲೆಗೆ ಇದು ಚೆನ್ನಾಗಿ ಹಿಡಿಸಿತು. ಹೊಟ್ಟೆಯ ಕಲ್ಲು ಸ್ವಲ್ಪ ಸಡಿಲವಾಯಿತು, ಹೋಗಲಿಲ್ಲ.

ಯಾರಿಗೆ ಒಳ್ಳೆಯದು? ಪ್ರಶ್ನೆ ಜಾಸ್ತಿ ಇರುವವರಿಗೆ, ವಾರಕ್ಕೆ ಒಂದೆರಡು ಗಂಟೆ ಕೂತು ಓದಬಲ್ಲವರಿಗೆ, ಹತ್ತಿರದಲ್ಲಿ ಪಾಠ ಹೇಳುವವರು ಇರುವವರಿಗೆ. ತೊಂದರೆ ಏನೆಂದರೆ ವರ್ಷಗಟ್ಟಲೆ ಶ್ರವಣದಲ್ಲೇ, ಅಂದರೆ ಪಾಠ ಕೇಳುವುದರಲ್ಲೇ, ಉಳಿದುಬಿಡಬಹುದು. ಕೇಳಿದ್ದನ್ನು ಯೋಚಿಸಿ ನೋಡುವ ಮನನ, ಅದರಲ್ಲೇ ಮನಸ್ಸು ನಿಲ್ಲಿಸುವ ನಿದಿಧ್ಯಾಸನ ಮುಂದಿನ ವರ್ಷಕ್ಕೆ ಮುಂದಕ್ಕೆ ಹೋಗುತ್ತಲೇ ಇರುತ್ತವೆ.

ರಮಣರ ದಾರಿ

ಮುಂದೆ ರಮಣ ಮಹರ್ಷಿ ಎನಿಸಿಕೊಂಡ ವೆಂಕಟರಾಮನ್ ಎಂಬ ಹದಿನಾರರ ಹುಡುಗ 1896ರಲ್ಲಿ ಮಧುರೆಯ ಮನೆಯೊಂದರಲ್ಲಿ ಒಬ್ಬನೇ ಕೂತಿದ್ದ. ಸಾವಿನ ಭಯ ಬಂತು. ಓಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಮಲಗಿ, ಈಗ ಸಾಯುತ್ತಿರುವುದು ಯಾರು ಎಂದು ನೋಡಿದ. ಅದೇ ವರ್ಷ ಮನೆ ಬಿಟ್ಟು ತಿರುವಣ್ಣಾಮಲೈಗೆ ಹೋದ ಅವನು 1950ರಲ್ಲಿ ದೇಹ ಬಿಡುವವರೆಗೆ ಅಲ್ಲಿನ ಅರುಣಾಚಲ ಬೆಟ್ಟದ ಮಗ್ಗುಲು ಬಿಡಲಿಲ್ಲ. ಮೊದಮೊದಲು ಅವರು ಮಾತಾಡುತ್ತಿರಲಿಲ್ಲ. ಶಿವಪ್ರಕಾಶಂ ಪಿಳ್ಳೈ ಎಂಬವರು ಕೇಳಿದ ಪ್ರಶ್ನೆಗಳಿಗೆ ಬರೆದು ತೋರಿಸಿದ ಉತ್ತರಗಳೇ ‘ನಾನು ಯಾರು’ ಎಂಬ ಸಣ್ಣ ಪುಸ್ತಕ.

ಅದರಲ್ಲಿ ಎರಡು ಹೋಲಿಕೆಗಳಿವೆ. ಒಂದು, ಕಸ ಎಸೆಯಬೇಕಾದವನು ಕಸವನ್ನು ಆರಿಸಿ ನೋಡುತ್ತ ಕೂರಬೇಕಿಲ್ಲ. ಶಾಸ್ತ್ರದ ದಾರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ದೇಹ, ಪ್ರಾಣ, ಮನಸ್ಸು ಎಂದು ಪ್ರತಿ ಕೋಶವನ್ನೂ, ಅಂದರೆ ಪದರವನ್ನೂ, ಬಿಡಿಸಿ ನೋಡುತ್ತೇವೆ. ಇಲ್ಲಿ ಯಾವ ಯೋಚನೆ ಬಂದರೂ ಪ್ರಶ್ನೆ ಒಂದೇ: ಇದು ಯಾರಿಗೆ ಬಂತು? ಇನ್ನೊಂದು, ಚಿತೆ ಕೆದಕುವ ಕೋಲು ಕೊನೆಗೆ ತಾನೂ ಸುಟ್ಟುಹೋಗುವ ಹಾಗೆ ‘ನಾನು ಯಾರು’ ಎಂಬ ಯೋಚನೆಯೂ ಸುಟ್ಟುಹೋಗುತ್ತದೆ. ನಾನು ಮೊದಲು ಕೇಳಬೇಕೆಂದ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಾರವಾರದ ಕಡಲ ದಂಡೆಯಲ್ಲಿ ಸಂಜೆ ಕೂತು ಮಾಡುತ್ತಿದ್ದೆ. ಮೀನಿನ ಬೋಟುಗಳು ದೀಪ ಹಚ್ಚುವ ಹೊತ್ತು. ಚೌಡಿಯನ್ನು ಬೇಕೆಂದೇ ನೆನಪಿಗೆ ತಂದುಕೊಂಡೆ. ಹೊಟ್ಟೆ ಬಿಗಿಯಿತು. ಯಾರಿಗೆ? ನನಗೆ. ಯಾವ ನನಗೆ? ಕಾಯಿ ಒಡೆಯದ ಮಗನಿಗೆ. ಅವನೆಲ್ಲಿದ್ದಾನೆ? ಹುಡುಕಿದರೆ ಅಪ್ಪಯ್ಯನ ಕೈ ಕಂಡಿತು. ಹೆಬ್ಬೆರಳಿನ ಉಗುರಿನಲ್ಲಿ ಅಡಿಕೆ ಚೊಗರಿನ ಕಪ್ಪು, ಆ ಕೈಯಲ್ಲಿ ತೆಂಗಿನಕಾಯಿ. ಅದೂ ಒಂದು ಚಿತ್ರವೇ. ಚಿತ್ರ ಯಾರಿಗೆ ಕಾಣುತ್ತಿದೆ? ಅಲ್ಲಿಗೆ ಮಾತು ನಿಂತಿತು. ಒಂದೈದು ನಿಮಿಷ ಇರಬಹುದು. ಅಲೆ ಬಂದು ಹೋಗುತ್ತಿತ್ತು, ಹೊಟ್ಟೆ ಸಡಿಲವಾಗಿತ್ತು, ತಪ್ಪು ಮಾಡಿದವನು ಎಂದು ಬೊಟ್ಟು ಮಾಡಿ ತೋರಿಸಲು ಅಲ್ಲಿ ಯಾರೂ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅದು ಅಪ್ಪಯ್ಯನಿಗಾಗಿ ಬಂದ ನೀರು. ಹೆದರಿಕೆಯ ಅಡಿಯಲ್ಲಿ ದುಃಖ ಇತ್ತು, ಅಷ್ಟು ದಿನ ಅದು ನನಗೆ ಗೊತ್ತೇ ಇರಲಿಲ್ಲ.

ಬಿಗಿತ ಮರುದಿನ ಮತ್ತೆ ಬಂತು. ಮತ್ತೆ ಕೂತೆ. ತಿಂಗಳುಗಳು ಹಿಡಿದವು. ಒಂದೇ ಸಲಕ್ಕೆ ಹೋಯಿತು ಎಂದು ಯಾರಾದರೂ ಹೇಳಿದರೆ ಅವರ ಅದೃಷ್ಟ, ನನ್ನದು ಹಾಗಿರಲಿಲ್ಲ.

ಎರಡು ತಪ್ಪು ಆಗುತ್ತವೆ. ‘ನಾನು ಯಾರು, ನಾನು ಯಾರು’ ಎಂದು ಜಪದ ಹಾಗೆ ಹೇಳುತ್ತ ಕೂರುವುದು ಒಂದು. ‘ನಾನು ಬ್ರಹ್ಮ’ ಎಂದು ಬಾಯಿಪಾಠದ ಉತ್ತರ ಕೊಟ್ಟು ಏಳುವುದು ಇನ್ನೊಂದು. ಎರಡೂ ಹೊತ್ತು ಹಾಳು. ಪ್ರಶ್ನೆ ಕೇಳುವುದು ನೋಡುವುದಕ್ಕೆ. ಓದಲು ಪುರುಸೊತ್ತಿಲ್ಲದವರಿಗೆ, ಯಾವ ಜಾತಿ ಮತದವರಿಗೂ, ಒಬ್ಬರೇ ಕೂರಲು ಹೆದರದವರಿಗೆ ಈ ದಾರಿ ಹೊಂದುತ್ತದೆ.

‘ನಾನು ಇದ್ದೇನೆ’

ಮುಂಬಯಿಯ ಖೇತವಾಡಿಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರ (1897–1981) ದಾರಿ ಇದು. ಅವರ ಪರಂಪರೆಯ ಬೇರು ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿದೆ ಎಂಬುದು ಬಹಳ ಕನ್ನಡಿಗರಿಗೆ ಗೊತ್ತಿಲ್ಲ. ಅವರ ಮಾತುಗಳನ್ನು ಇಂಗ್ಲಿಷಿಗೆ ತಂದ ಮಾರಿಸ್ ಫ್ರಿಡ್‌ಮನ್ ಕೂಡ 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಿದವರು. ಮೂಲ ಮಾತುಗಳು ಮರಾಠಿಯವು. ಕಾರವಾರದಲ್ಲಿ ಮರಾಠಿ ಬಲ್ಲವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಇದೊಂದು ಅನುಕೂಲ.

ಇಲ್ಲಿ ‘ಯಾರು’ ಎಂದು ಕೇಳುವುದಕ್ಕಿಂತ ‘ಇದ್ದೇನೆ’ ಎಂಬ ಅರಿವಿನಲ್ಲಿ ನಿಲ್ಲುವುದು ಜಾಸ್ತಿ. ನಾನು ಇಂಥವರ ಮಗ, ಇಂಥ ಜಾತಿ, ಇಂಥ ತಪ್ಪು ಮಾಡಿದವನು, ಎಲ್ಲವೂ ‘ಇದ್ದೇನೆ’ ಎಂಬುದಕ್ಕೆ ಆಮೇಲೆ ಅಂಟಿಕೊಂಡ ಮಾತುಗಳು. ಅಂಟಿದ್ದನ್ನು ಕೀಳಲು ಹೋಗದೆ, ಅಂಟುವ ಮೊದಲು ಇದ್ದದ್ದರಲ್ಲಿ ಇರುವುದು. ಪ್ರಶ್ನೆ ಕೇಳಿ ಕೇಳಿ ತಲೆ ಬಿಸಿಯಾಗುವವರಿಗೆ ಇದು ಹಿತ. ನಾನು ಬಸ್ಸಿನಲ್ಲಿ, ದೇವಿಮನೆ ಘಾಟಿ ಹತ್ತುವಾಗ, ಇದನ್ನೇ ಮಾಡುತ್ತೇನೆ.

ಅವರ ಮಾತು ಬಹಳ ಖಡಕ್. ಮನೆಯಲ್ಲಿ ಸಾವು ನೋವು ಆಗಿರುವ ಹೊತ್ತಿನಲ್ಲಿ ಒಬ್ಬರೇ ಓದಲು ಹೋಗಬೇಡಿ. ‘ನೀನು ಹುಟ್ಟೇ ಇಲ್ಲ’ ಎಂಬ ಮಾತು ಆಗ ಸಮಾಧಾನ ಕೊಡುವುದಿಲ್ಲ, ಇನ್ನೂ ಒಂಟಿ ಮಾಡುತ್ತದೆ.

ಉಳಿದ ಕೆಲವು

ಜೆ. ಕೃಷ್ಣಮೂರ್ತಿ ಅದ್ವೈತಿ ಅಲ್ಲ, ತಮ್ಮನ್ನು ಯಾವ ಹೆಸರಿನಲ್ಲೂ ಕರೆಸಿಕೊಳ್ಳಲಿಲ್ಲ. ತಮಗಾಗಿಯೇ ಕಟ್ಟಿದ ನಕ್ಷತ್ರ ಸಂಘವನ್ನು 1929ರಲ್ಲಿ ಹಾಲೆಂಡಿನಲ್ಲಿ ತಾವೇ ವಿಸರ್ಜನೆ ಮಾಡಿದರು. ಗುರು, ಪೀಠ ಅಂದರೆ ಉಸಿರು ಕಟ್ಟುವವರು ಅಲ್ಲಿಂದ ಶುರುಮಾಡಬಹುದು. ಹೆದರಿಕೆಯನ್ನು ಬದಲಿಸಲು ಹೋಗದೆ ಹಾಗೇ ನೋಡು ಅನ್ನುತ್ತಾರೆ. ನನಗೆ ಅದು ಹಿಡಿಯಲಿಲ್ಲ. ಹೇಗೆ ನೋಡಬೇಕು ಎಂದು ಯಾರಾದರೂ ಕೈಹಿಡಿದು ತೋರಿಸಬೇಕಿತ್ತು ನನಗೆ.

ಹುಬ್ಬಳ್ಳಿಯ ಸಿದ್ಧಾರೂಢರ ಮಠ, ಅಲ್ಲಿ ಓದುವ ನಿಜಗುಣ ಶಿವಯೋಗಿಗಳ ಗ್ರಂಥಗಳು, ಶಿಶುನಾಳ ಶರೀಫರ ಹಾಡುಗಳು, ಇದು ಹಾಡಿನ ದಾರಿ. ಭಜನೆಯಲ್ಲಿ ಮನಸ್ಸು ಕರಗುವವರಿಗೆ, ಒಬ್ಬರೇ ಕೂರಲು ಆಗದವರಿಗೆ. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಶರೀಫರು ಬ್ರಾಹ್ಮಣರಾದ ಗೋವಿಂದ ಭಟ್ಟರ ಶಿಷ್ಯರಾದರು. ಅವರಿಬ್ಬರೂ ಊರ ಮುಂದೆ ಹಾಗೆ ಬದುಕಿದ್ದೇ ನನಗೆ ದೊಡ್ಡ ಪಾಠ. ಆಯಿಗೆ ಉಪನಿಷತ್ತು ಹೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಶರೀಫರ ಹಾಡು ಹಾಕಿದರೆ ಕೂತು ಕೇಳುತ್ತಾಳೆ, ಒಂದೊಂದು ಸಾಲಿಗೆ ತಲೆದೂಗುತ್ತಾಳೆ.

ಇನ್ನು ಆನ್‌ಲೈನ್ ಸತ್ಸಂಗ, ವಾರಾಂತ್ಯದ ಶಿಬಿರ. ನಾನೂ ಒಂದಕ್ಕೆ ಹೋಗಿದ್ದೆ. ಏನು ಕೇಳಿದರೂ ‘ಪ್ರಶ್ನೆ ಕೇಳುತ್ತಿರುವುದು ನಿಮ್ಮ ಅಹಂಕಾರ’ ಎಂಬ ಉತ್ತರ. ಎರಡನೇ ದಿನ ಮುಂದಿನ ಹಂತದ ಶುಲ್ಕದ ಮಾತು ಬಂತು. ಹೋಗುವವರು ಮೊದಲ ದಿನವೇ ಒಂದು ಕಷ್ಟದ ಪ್ರಶ್ನೆ ಕೇಳಿ ನೋಡಿ. ಪ್ರಶ್ನೆಗೆ ಜಾಗ ಇಲ್ಲದ ಕಡೆ ವಿಚಾರಕ್ಕೂ ಜಾಗ ಇಲ್ಲ.

ಹೊರಗೆ ಗೂಡಿನಲ್ಲಿದ್ದ ತಂಬಿಗೆ

ಯಾವ ದಾರಿಯಾದರೂ ಸರಿ, ಅದು ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಲು ಕಣ್ಣು ಮುಚ್ಚಿದಾಗಿನ ಶಾಂತಿ ಸಾಲದು. ಮನೆಯಲ್ಲಿ ನೋಡಬೇಕು.

ನಮ್ಮ ಮನೆ ಹೊರಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಒಂದು ಅಲ್ಯೂಮಿನಿಯಂ ತಂಬಿಗೆ, ಬಾಯಿ ಸ್ವಲ್ಪ ನೆಗ್ಗಿದ್ದು. ತೋಟದ ಕೆಲಸಕ್ಕೆ ಬರುವವರು ನೀರು ಕುಡಿಯಲಿಕ್ಕೆ. ಒಳಗಿನ ಹಿತ್ತಾಳೆ ತಂಬಿಗೆ ಅವರಿಗೆ ಹೋಗುತ್ತಿರಲಿಲ್ಲ. ನಾನು ಆತ್ಮವಿಚಾರ ಶುರುಮಾಡಿ ಎರಡು ವರ್ಷವಾದ ಮೇಲೂ ಊರಿಗೆ ಹೋದಾಗ ಆ ತಂಬಿಗೆಯಲ್ಲೇ ನೀರು ಕೊಡುತ್ತಿದ್ದೆ. ಚೌಡಿಯ ಹೆದರಿಕೆ ಹೊಟ್ಟೆಯಲ್ಲಿ ಚುಚ್ಚುತ್ತಿತ್ತು, ಹಾಗಾಗಿ ಕಂಡಿತು. ಈ ತಂಬಿಗೆ ನನಗೆ ಎಲ್ಲೂ ಚುಚ್ಚುತ್ತಿರಲಿಲ್ಲ. ಚುಚ್ಚುತ್ತಿದ್ದುದು ಬೇರೆಯವರಿಗೆ. ಅದೊಂದು ನಂಬಿಕೆ ಎಂದೇ ನನಗೆ ಗೊತ್ತಿರಲಿಲ್ಲ, ತಂಬಿಗೆ ಇರುವ ಜಾಗ ಅದು ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕೊನೆಗೌಡ ಅದನ್ನು ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದ. ಆಗ ‘ಇದು ಯಾರಿಗೆ ಬೇಕಾಗಿದೆ’ ಎಂಬ ಪ್ರಶ್ನೆ ತಾನಾಗಿ ಎದ್ದಿತು. ಮೈ ಬೆವತಿತು. ಅಂದೇ ತಂಬಿಗೆ ತೆಗೆದೆ, ಒಳಗಿನದರಲ್ಲಿ ನೀರು ತಂದುಕೊಟ್ಟೆ. ಅವನು ಒಮ್ಮೆ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಆಯಿ ಮೂರು ದಿನ ಮಾತು ಬಿಟ್ಟಳು. ಆಮೇಲೆ ಅವಳೇ ಒಳಗಿನ ತಂಬಿಗೆಯಲ್ಲಿ ಮಜ್ಜಿಗೆ ಕೊಡಲು ಶುರುಮಾಡಿದಳು.

ಜಾತಿ ಮಾಯೆ ಅನ್ನುತ್ತ ಊಟದ ಪಂಕ್ತಿಯಲ್ಲಿ ಬೇರೆ ಕೂರಿಸುವವರನ್ನು ನೀವೂ ನೋಡಿರುತ್ತೀರಿ. ಶಾಸ್ತ್ರದ ದಾರಿಯಲ್ಲಿ ಈ ಅಪಾಯ ಜಾಸ್ತಿ, ಹಳೆಯ ಆಚಾರ ಅದರ ಜೊತೆಗೇ ಬರುತ್ತದೆ. ರಮಣರ, ನಿಸರ್ಗದತ್ತರ ದಾರಿಯಲ್ಲಿ ಬೇರೆ ಅಪಾಯ ಇದೆ: ‘ನೋಡುವವನು ನಾನು, ನನಗೇನೂ ಅಂಟುವುದಿಲ್ಲ’ ಎಂದು ಹೊರಗಿನ ತಂಬಿಗೆಯನ್ನು ನೋಡದೇ ಇರಬಹುದು. ಹಾಗಾಗಿ ಯಾವ ದಾರಿ ಹಿಡಿದರೂ ಮನೆಯ ಹೊರಗಿನವರೊಬ್ಬರು ನಿಮ್ಮನ್ನು ನೋಡಿ ಹೇಳುವಂತಿರಲಿ.

ಹಾಗಾದರೆ ಎಲ್ಲಿಂದ?

ಕೈ ತೊಳೆದದ್ದು ಸಾಲದೆಂದು ಮತ್ತೆ ಮತ್ತೆ ತೊಳೆಯುವುದು, ಮಡಿ ಕೆಟ್ಟಿತೆಂದು ದಿನಕ್ಕೆ ಐದಾರು ಸಲ ಸ್ನಾನ, ಶಾಪದ ಹೆದರಿಕೆಯಲ್ಲಿ ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಇಂಥದ್ದಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ವಿಚಾರ ಆಮೇಲೆ ಮಾಡೋಣ, ಅದೆಲ್ಲಿಗೂ ಓಡಿಹೋಗುವುದಿಲ್ಲ.

ಉಳಿದವರಿಗೆ ನನ್ನ ಸಲಹೆ ಇಷ್ಟು. ‘ಇದು ನಿಜವೇ?’ ಎಂಬ ಪ್ರಶ್ನೆ ಇನ್ನೂ ತೀರದಿದ್ದರೆ ಶಾಸ್ತ್ರದ ದಾರಿ, ಅದರ ಜೊತೆಗೆ ಒಂದಿಷ್ಟು ವಿಜ್ಞಾನವೂ ಇರಲಿ. ಸುಳ್ಳು ಎಂದು ತಿಳಿದ ಮೇಲೂ ಹೊಟ್ಟೆ ಬಿಗಿಯುತ್ತಿದ್ದರೆ ರಮಣರ ದಾರಿ. ದಿನಕ್ಕೆ ಇಪ್ಪತ್ತು ನಿಮಿಷ, ಮೂರು ತಿಂಗಳು, ಒಂದೇ ನಂಬಿಕೆಯ ಮೇಲೆ. ಹತ್ತನ್ನು ಒಟ್ಟಿಗೆ ಹಿಡಿಯಬೇಡಿ. ಅದು ಒಗ್ಗದಿದ್ದರೆ ‘ಇದ್ದೇನೆ’ಗೆ ಬನ್ನಿ. ಮನೆಯವರೂ ಜೊತೆಗೆ ಬರಲಿ ಅನ್ನಿಸಿದರೆ ಹಾಡು. ನನಗೆ ಕೆಲಸ ಮಾಡಿದ್ದು ಸಂಜೆ ರಮಣರು, ಭಾನುವಾರ ಮಾಂಡೂಕ್ಯ. ಎರಡನ್ನೂ ಒಬ್ಬರೇ ಮಾಡಬಹುದು, ಖರ್ಚು ಪುಸ್ತಕದ್ದು ಮಾತ್ರ.

ಎಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಎಂದು ನಡುವೆ ಒಮ್ಮೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು ಇದೇ ಕಾರವಾರದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ, ಒಂದು ನಾಟಕ ಬರೆದರು. ಎಲ್ಲ ಕಟ್ಟು ಕಡಿದುಕೊಂಡು ಗೆದ್ದೆ ಎಂದುಕೊಂಡ ಸನ್ಯಾಸಿಯೊಬ್ಬನನ್ನು ಒಂದು ಸಣ್ಣ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕತೆ ಅದು. ಈಗ ಅವರ ಹೆಸರಿನಲ್ಲಿರುವ ಕಡಲ ದಂಡೆಯಲ್ಲಿ ಕೂತಾಗಲೆಲ್ಲ ಆ ಸನ್ಯಾಸಿ ನೆನಪಾಗುತ್ತಾನೆ, ಎದ್ದು ಆಯಿಗೆ ಫೋನ್ ಮಾಡುತ್ತೇನೆ.

ಈ ವರ್ಷ ಮೇ ಕೊನೆಯ ವಾರ ಊರಿಗೆ ಹೋಗಿದ್ದೆ. ಔಷಧಿಗೆ ಮೈಲುತುತ್ತ ತಂದಿಟ್ಟೆ, ಕೊನೆಗೌಡನಿಗೆ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಂಡೆ. ಸಂಜೆ ಆಯಿ ಕಾಯಿ ಕೊಟ್ಟಳು. ತೋಟದ ತಲೆಗೆ ಹೋಗಿ ಒಡೆದೆ. ಕಲ್ಲಿನ ಮೇಲೆ ತರಗೆಲೆ ಬಿದ್ದಿತ್ತು, ಕೈಯಲ್ಲಿ ಗುಡಿಸಿದೆ. ಅಪ್ಪಯ್ಯನೂ ಹಾಗೇ ಗುಡಿಸುತ್ತಿದ್ದ. ವಾಪಸ್ ಬಂದಾಗ ಆಯಿ ಬಾಗಿಲಲ್ಲಿ ನಿಂತಿದ್ದಳು, ‘ಒಡದ್ಯಾ?’ ಅಂದಳು. ಹೂಂ ಅಂದೆ. ಅರ್ಧ ಹೋಳು ಕೈಗೆ ಕೊಟ್ಟೆ. ರಾತ್ರಿ ಅದರದ್ದೇ ಚಟ್ನಿ ಮಾಡಿದಳು.